ಮೂರನೇ ಕೊಳದ ತಟ್ಟೆ ಖಾಲಿ

ಸೋಮವಾರ, ಬೆಳಗ್ಗೆ

ಸಿಟ್ಟು ಮಾಡಿಕೊಂಡು ಅಕ್ಕನ ಮನೆ ಸೇರಿರುವ ನಮ್ಮ ಯಜಮಾನರಿಗೆ,

ನಿನ್ನೆ ಮಧ್ಯಾಹ್ನ ಮೂರನೇ ಕೊಳದ ಸೀಗಡಿಗಳು ನಾನು ಹುಳ ಒಣಗಿಸಿ ಪುಡಿ ಮಾಡಿ ತಯಾರಿಸಿದ ಫೀಡ್ ತಿಂದವು. ಎಷ್ಟು ಉಳಿಯಿತೆಂದು ನೋಡಲು ನೀರಿಗೆ ಇಳಿಬಿಡುವ ಬಲೆಯ ತಟ್ಟೆಯಲ್ಲಿ ಒಂದು ಕಾಳೂ ಇರಲಿಲ್ಲ. ಇದನ್ನು ಹೇಳಿದ್ದು ನಾನಲ್ಲ, ನಿಮ್ಮ ತಮ್ಮ. ತಟ್ಟೆ ಎತ್ತಿದವನೇ, ಅತ್ತಿಗೆ ಗೆದ್ದುಬಿಟ್ರಿ, ಅಣ್ಣನ ಮುಖ ಈಗ ನೋಡ್ಬೇಕು ಅಂತ ದಂಡೆಯ ಮೇಲೇ ಕುಣಿದ.

ಹುಳ ತಿನ್ನೋ ಸೀಗಡಿ ತೋರಿಸು, ಆಮೇಲೆ ಮನೆಗೆ ಬರ್ತೀನಿ ಎಂದು ಬ್ಯಾಗು ಎತ್ತಿಕೊಂಡು ಹೋದವರು ನೀವು. ಹೋದದ್ದರಲ್ಲಿ ತಪ್ಪಿಲ್ಲ ಬಿಡಿ. ತರಕಾರಿ ಸಿಪ್ಪೆ ತಿಂದು ಬಲಿತ ಹುಳಗಳು ಟಬ್ಬಿನಿಂದ ಹತ್ತಿ ಬಂದು ನಿಮ್ಮ ಶೂ ಒಳಗೇ ಮಲಗಬೇಕಿತ್ತೇ? ಆದರೆ ಮೀನಿನ ಪುಡಿ ಸಿಗುವುದೇ ಕಷ್ಟವಾಗಿರುವಾಗ ಪ್ರೋಟೀನು ಎಲ್ಲಿಂದ ತರೋಣ? ಬರೀ ಸೋಯಾ ಹಿಂಡಿ ಹಾಕಿದರೆ ಸೀಗಡಿ ಬೆಳೆಯುವುದಿಲ್ಲ ಎಂದು ನೀವೇ ಹೇಳುತ್ತಿದ್ದಿರಿ.

ಬುಧವಾರವೂ ತಟ್ಟೆ ಖಾಲಿ ಬಂದಿತ್ತು. ನಾನು ಬೀದಿಗೆಲ್ಲ ಸಿಹಿ ಹಂಚಿಬಿಟ್ಟೆ. ಸಂಜೆ ನೋಡಿದರೆ ಹಾಕಿದ ಫೀಡೆಲ್ಲ ಕೊಳದ ಮೂಲೆಯಲ್ಲಿ ಗುಡ್ಡೆ ಬಿದ್ದಿದೆ! ಫೀಡ್ ಹಾಕುವಾಗ ನೀರಿಗೆ ಗಾಳಿ ಬೆರೆಸುವ ಏರೇಟರ್ ಚಕ್ರ ನಿಲ್ಲಿಸಬೇಕೆಂಬುದು ನನಗೂ ನಿಮ್ಮ ತಮ್ಮನಿಗೂ ಹೊಳೆದಿರಲಿಲ್ಲ. ದಿನಾ ಆಫ್ ಮಾಡುತ್ತಿದ್ದವರು ನೀವಲ್ಲವೇ. ಚಕ್ರದ ಸೆಳೆತಕ್ಕೆ ತಟ್ಟೆಯಲ್ಲಿದ್ದದ್ದೂ ಕೊಚ್ಚಿಹೋಗಿತ್ತು. ಹಂಚಿದ ಸಿಹಿ ವಾಪಸ್ ಇಸ್ಕೊಂಡು ಬರ್ತೀಯೇನೇ ಎಂದು ಅತ್ತೆ ಹೊಟ್ಟೆ ಹಿಡಿದುಕೊಂಡು ನಕ್ಕರು. ಮಾರನೇ ದಿನ ಚಕ್ರ ನಿಲ್ಲಿಸಿ ಹಾಕಿದೆ. ಅರ್ಧಕ್ಕರ್ಧ ಉಳಿಯಿತು. ಇನ್ನು ನೀವು ಬರುವುದಿಲ್ಲ ಅನ್ನಿಸಿ ಅವತ್ತು ನನಗೆ ಊಟ ಸೇರಲಿಲ್ಲ.

ನಿನ್ನೆಯದು ಹಾಗಲ್ಲ. ಚಕ್ರ ನಿಂತಿತ್ತು, ಮೂಲೆಗಳೂ ಸ್ವಚ್ಛವಾಗಿದ್ದವು. ಅನುಮಾನ ಬೇಡವೆಂದು ತಟ್ಟೆಗೆ ಬಂದಿದ್ದ ಎರಡು ಸೀಗಡಿ ಹಿಡಿದು ಬೆಳಕಿಗೆ ಒಡ್ಡಿದೆವು. ಬೆನ್ನೊಳಗಿನ ಕರುಳು ತಲೆಯಿಂದ ಬಾಲದವರೆಗೆ ಕಪ್ಪು ಗೆರೆಯಾಗಿ ತುಂಬಿತ್ತು. ಇವಕ್ಕಿರೋ ಬುದ್ಧಿ ನನ್ನ ಮಗನಿಗಿಲ್ಲ, ಹಾಕಿದ್ದನ್ನ ಸುಮ್ಮನೆ ತಿಂತಾವೆ ಅಂದರು ಅತ್ತೆ. ಅವರ ಮಾತು ಅವರದು, ನಾನೇನೂ ಸೇರಿಸಿಲ್ಲ.

ಷರತ್ತು ಹಾಕಿದವರು ನೀವು. ತೋರಿಸಲು ಸೀಗಡಿ ತಯಾರಿವೆ. ಅಕ್ಕನಿಗೆ ನನ್ನ ನಮಸ್ಕಾರ ಹೇಳಿ, ಅವರ ಅಡುಗೆ ಹೊಗಳಿದ್ದು ಸಾಕು.

ಗೆದ್ದ ಖುಷಿಯಲ್ಲಿರುವ
ನಿಮ್ಮ ಹೆಂಡತಿ

ತಾ.ಕ.: ಮೀನಿನ ವಾಸನೆಯಿಲ್ಲದ ಫೀಡಿನ ಹತ್ತಿರ ಸೀಗಡಿ ಸುಳಿಯುವುದಿಲ್ಲ ಎಂದಿದ್ದಿರಲ್ಲ, ಅದು ನಿಜ. ನಿನ್ನೆಯದರಲ್ಲಿ ಕಾಲು ಭಾಗ ಮೀನಿನ ಪುಡಿ ಬೆರೆಸಿದ್ದೆ. ನಿಮ್ಮ ತಮ್ಮನಿಗೆ ಇನ್ನೂ ಹೇಳಿಲ್ಲ. ಗುರುವಾರ ಬೆಳಗ್ಗೆ ಎಂಟಕ್ಕೆ ಬೀಸುಬಲೆ ಹಾಕಿ ಸೀಗಡಿಗಳ ತೂಕ ನೋಡುವುದಿದೆ. ಬಲೆ ಬೀಸಲು ಇಲ್ಲಿ ಯಾರಿಗೂ ಬರುವುದಿಲ್ಲ.