ಹಾಲಮ್ಮನ ಹೆಸರು, ಹುಲಿಗೆಮ್ಮನ ಹೆಬ್ಬೆಟ್ಟು

೨ ಫೆಬ್ರವರಿ ೧೯೬೫, ಮಂಗಳವಾರ. ಮಧ್ಯಾಹ್ನ

ಹುಲಿಗೆಮ್ಮನಿಗೆ ಹೆರಿಗೆಗೆ ಹನ್ನೆರಡು ವಾರ ರಜೆ, ಅದೂ ಸಂಬಳದ ಸಮೇತ — ಕಾನೂನೇ ಆಗಿದೆ! ಹಂಚಿನ ಕಾರ್ಖಾನೆಗಳಿಗೂ ಸೇರಿ. ಇಂಗ್ಲಿಷ್ ಪೇಪರಿನಲ್ಲಿ ಎರಡು ಸಲ ಓದಿದೆ. ಓದುವ ಭರದಲ್ಲಿ ಸಾರು ಸೀದುಹೋಯಿತು. ಹೋಗಲಿ.

ಹುಲಿಗೆಮ್ಮ ಕಾರ್ಖಾನೆಯಲ್ಲಿ ಹಸಿ ಹಂಚು ಹೊರುವವಳು. ಊಟದ ಹೊತ್ತಿಗೆ ನಮ್ಮ ಕ್ವಾರ್ಟರ್ಸಿನ ಬಾವಿಗೆ ಬರುತ್ತಾಳೆ. ಏಳು ತಿಂಗಳು ತುಂಬಿದೆ. ಸಾಗರಕ್ಕೆ ಬಂದ ಈ ಎರಡೂವರೆ ತಿಂಗಳಲ್ಲಿ ನನಗೆ ಸಿಕ್ಕ ಒಬ್ಬಳೇ ಫ್ರೆಂಡ್. ಓದಿ ಹೇಳಿದೆ. ನಕ್ಕಳು.

"ಮನೇಲಿ ಕುಂತೋರಿಗೆ ಯಾರು ಕೂಲಿ ಕೊಡ್ತಾರೆ ಅಮ್ಮಾ? ಪೇಪರ್ನೋರಿಗೆ ಬ್ಯಾರೆ ಕೆಲ್ಸ ಇಲ್ಲ."

ಬಿಡಲಿಲ್ಲ. ಕಾನ್ವೆಂಟಿನಲ್ಲಿ ಕಲಿತ ಇಂಗ್ಲಿಷೆಲ್ಲ ಸುರಿದು ಒಂದು ಪುಟ ಅರ್ಜಿ. ಬೆಂಗಳೂರಿಗೆ, ಫ್ಯಾಕ್ಟರಿ ಇನ್ಸ್‌ಪೆಕ್ಟರರ ಕಚೇರಿಗೆ — ಅರ್ಜಿ ಎಂದರೆ ಸರ್ಕಾರಕ್ಕೇ ತಾನೆ? ಕೆಳಗೆ ನನ್ನ ಪೆನ್ನಿನ ಇಂಕು ಹಚ್ಚಿ ಅವಳ ಹೆಬ್ಬೆಟ್ಟು, ನಡುವೆ ಹಳೆಯ ಗಾಯದ ಗೆರೆ. ಉತ್ತರ ಬರಲಿ ಎಂದು ನನ್ನ ವಿಳಾಸ. ಪೋಸ್ಟ್ ಮಾಡಿಯೂ ಬಂದೆ.

ಇವರಿಗೆ ಹೇಳಿಲ್ಲ. ಹಾಜರಿ, ಸಂಬಳದ ಪುಸ್ತಕ ಬರೆಯುವ ಕಾರ್ಖಾನೆಯ ರೈಟರ್ ಇವರೇ. ಉತ್ತರ ಬಂದ ದಿನ ಸರ್‌ಪ್ರೈಸ್!

೩ ಫೆಬ್ರವರಿ, ಬುಧವಾರ

ಏನೂ ಅರ್ಥವಾಗುತ್ತಿಲ್ಲ.

ಇವರು ಕನ್ನಡಕ ಮರೆತು ಹೋಗಿದ್ದರು. ಕೊಡಲು ಹೋದೆ. ಗೇಟಿನ ಬಳಿ ಹಾಜರಿ ನಡೆಯುತ್ತಿತ್ತು. ಕನ್ನಡಕವಿಲ್ಲದಿದ್ದರೂ ಎಲ್ಲ ಹೆಸರೂ ಬಾಯಿಪಾಠ. "ಹಾಲಮ್ಮ" ಎಂದರು. "ಇದೀನಿ ಸ್ವಾಮಿ" ಎಂದವಳು ಹುಲಿಗೆಮ್ಮ.

ಹಾಲಮ್ಮ ಅವಳ ಅತ್ತೆ. ಮನೆಯಲ್ಲಿ ದೊಡ್ಡ ಮೊಮ್ಮಗಳನ್ನು ನೋಡಿಕೊಂಡಿರುವ ಮುದುಕಿ.

ಸಂಜೆ ಕೇಳಿದೆ. ಇವರು ಕಾಫಿ ಲೋಟ ಕೆಳಗಿಟ್ಟರು.

"ಆ ಕಾನೂನು ಬಂದ ಮೇಲೆ ಹೆರೋ ವಯಸ್ಸಿನ ಹೆಂಗಸರ ಹೆಸರು ಬರೀಬ್ಯಾಡ ಅಂದಿದ್ದಾರೆ ಯಜಮಾನರು. ಹೆತ್ತರೆ ರಜೆ ಕೊಡಬೇಕಲ್ಲ. ಅದಕ್ಕೆ ಅತ್ತೆ ಹೆಸರಲ್ಲಿ ಸೊಸೆ ಬರ್ತಾಳೆ. ಎರಡು ವರ್ಷ ಆಯ್ತು."

"ಪುಸ್ತಕದಲ್ಲಿ ಅವಳ ವಯಸ್ಸು?"

"ಐವತ್ತೆಂಟು."

ಹೆಂಗಸರಿಗೆ ಒಳ್ಳೆಯದಾಗಲಿ ಎಂದು ಮಾಡಿದ ಕಾನೂನಿನಿಂದ ಹೆಂಗಸರ ಹೆಸರೇ ಹೋಯಿತೆ? ಇದು ಯಾವ ಲಾಜಿಕ್? ಅರ್ಜಿಯ ವಿಷಯ ಬಾಯಿಗೆ ಬಂತು... ನುಂಗಿಕೊಂಡೆ.

೪ ಫೆಬ್ರವರಿ

ಹುಲಿಗೆಮ್ಮನನ್ನು ಕೇಳಿದೆ, ಮೊದಲೇ ಯಾಕೆ ಹೇಳಲಿಲ್ಲ?

"ನೀವು ಹೆಸ್ರು ಕೇಳಿದ್ರಿ, ನನ್ ಹೆಸ್ರು ಹೇಳ್ದೆ. ಕಾರ್ಖಾನೆ ಹೆಸ್ರು ಕೇಳಿದ್ರೆ ಅದನ್ನೇ ಹೇಳ್ತಿದ್ದೆ."

೧೩ ಫೆಬ್ರವರಿ, ಶನಿವಾರ

ಪತ್ರ ಬಂತು. ನನಗಲ್ಲ, ಕಾರ್ಖಾನೆಗೆ. ಹುಲಿಗೆಮ್ಮ ಎಂಬವಳ ಅರ್ಜಿ ಬಂದಿದೆ, ಪುಸ್ತಕಗಳನ್ನು ನೋಡಲು ಬರುತ್ತೇವೆ, ದಿನ ತಿಳಿಸುತ್ತೇವೆ ಎಂದು.

ಎಲ್ಲ ಹೇಳಿಬಿಟ್ಟೆ. ಬೈದಿದ್ದರೆ ಚೆನ್ನಾಗಿತ್ತು. ಕನ್ನಡಕ ತೆಗೆದು ಒರೆಸಿಕೊಂಡರು. ಆಮೇಲೆ — "ಪುಸ್ತಕ ಬರೆದಿದ್ದು ನನ್ನ ಕೈ, ಮನು."

ಪ್ರತಿ ಬಟವಾಡೆಗೂ ಹೆಬ್ಬೆಟ್ಟು ಒತ್ತಿಸಿಕೊಂಡಿದ್ದಾರಂತೆ. ಹೆಸರು ಹಾಲಮ್ಮನದು, ಹೆಬ್ಬೆಟ್ಟು ಹುಲಿಗೆಮ್ಮನದೇ. ನನಗೆ ಕುಣಿಯುವಂತಾಯಿತು — ಅರ್ಜಿಯ ಮೇಲಿರುವ ಬೆಟ್ಟೂ ಅದೇ! ಎರಡು ವರ್ಷ ದುಡಿದವಳು ಅವಳೇ ಎನ್ನುವುದಕ್ಕೆ ಬೇರೆ ಸಾಕ್ಷಿ ಯಾಕೆ? ಮರುಕ್ಷಣವೇ ಹೊಳೆಯಿತು. ಇವರು ಸುಳ್ಳು ಬರೆದಿದ್ದಕ್ಕೂ ಅದೇ ಸಾಕ್ಷಿ. ಕೆಲಸ ಹೋಗುತ್ತದೆ. ಈ ಕ್ವಾರ್ಟರ್ಸೂ.

ಯಜಮಾನರು, ಮಂಜುನಾಥಪ್ಪನವರು, ಉಪಾಯ ಹೇಳಿದ್ದಾರೆ. ಹೊಸ ಪುಸ್ತಕ ಬರೆಯಬೇಕು. ನಿಜವಾದ ಹಾಲಮ್ಮನನ್ನು ಕರೆಸಿ ಇಪ್ಪತ್ತನಾಲ್ಕು ತಿಂಗಳ ಬೆಟ್ಟು ಒತ್ತಿಸಬೇಕು. ಹಳೆಯದು ಹಂಚು ಸುಡುವ ಭಟ್ಟಿಗೆ.

ನಾನು ಯಾರ ಕಡೆ? ಗೊತ್ತಿಲ್ಲ. ನಿಜವಾಗಿ ಗೊತ್ತಿಲ್ಲ.

೧೪, ಭಾನುವಾರ

ಹುಲಿಗೆಮ್ಮ ಮನೆಗೇ ಬಂದಳು. ಸುದ್ದಿ ಮುಟ್ಟಿದೆ.

"ಕಾಗ್ದ ವಾಪಸ್ ತರ್ಸಿ ಅಮ್ಮಾ. ದೊಡ್ಡದನ್ನ ಹೆತ್ತು ಒಂಬತ್ತನೇ ದಿನಕ್ಕೆ ಮಣ್ಣು ಹೊತ್ತೋಳು ನಾನು. ಇದಕ್ಕೂ ಹೊರ್ತೀನಿ. ನಿಮ್ ಮನೆಯೋರು ಬೀದಿಗೆ ಬರೋದು ಬ್ಯಾಡ."

ಒಂಬತ್ತನೇ ದಿನ! ಕಾಫಿ ಕೊಟ್ಟೆ. ಕುಡಿಯುವಾಗ ಎರಡು ಸಲ ಸೊಂಟ ಹಿಡಿದುಕೊಂಡಳು.

೧೬, ಮಂಗಳವಾರ

ಹಾಲಮ್ಮನನ್ನು ಆಫೀಸಿಗೆ ಕರೆಸಿದರಂತೆ. ಇಂಕಿನ ಪ್ಯಾಡು ಎದುರಿಗೆ. ಮುದುಕಿ ಕೈಯನ್ನು ಸೆರಗಿನೊಳಗೆ ಸುತ್ತಿಕೊಂಡಿತಂತೆ.

"ಹೆಸ್ರು ನಂದು, ಸೊಸೆಗೆ ಕೊಟ್ಟೆ. ದುಡ್ದಿದ್ದು ಅವ್ಳು. ಬೆಟ್ಟು ಅವ್ಳದು. ಅದನ್ನ ನಾನ್ಹ್ಯಾಂಗೆ ಕೊಡ್ಲಿ ಸ್ವಾಮಿ?"

ಯಜಮಾನರು ಹೆದರಿಸಿದರು, ಪುಸಲಾಯಿಸಿದರು, ಎಲೆಅಡಿಕೆಯನ್ನೂ ಕೊಟ್ಟರು. ಎಲೆಅಡಿಕೆ ತೆಗೆದುಕೊಂಡು ಎದ್ದುಹೋಯಿತಂತೆ. ಹೇಳುತ್ತಾ ಇವರು ನಕ್ಕರು. ಶನಿವಾರದಿಂದ ಮೊದಲ ನಗು. ನಕ್ಕವರು ಊಟ ಮಾಡಲಿಲ್ಲ.

೧೭, ಬುಧವಾರ. ಸಂಜೆ

ಯಾರದಾದರೂ ಬೆಟ್ಟು ಒತ್ತಿಸು, ಹಳೆಯ ಪುಸ್ತಕ ಇವತ್ತೇ ಭಟ್ಟಿಗೆ ಹಾಕು — ಯಜಮಾನರ ಆರ್ಡರ್.

ಇವರು ಐದೂವರೆಗೆ ಬಂದರು. ಕಂಕುಳಲ್ಲಿ ಟವೆಲು ಸುತ್ತಿದ ಗಂಟು. ನನ್ನ ಮಡಿಲಲ್ಲಿಟ್ಟರು.

"ಏನಿದು?"

"ಭಟ್ಟಿಗೆ ಹೊರಟಿದ್ದೆ. ದಾರಿ ತಪ್ಪಿತು."

"ಕೆಲಸ?"

"ಎಲ್ಲಿಡ್ತೀಯೋ ಇಡು. ನಂಗೆ ಹೇಳಬ್ಯಾಡ, ಕೇಳಿದ್ರೆ ನಂಗೆ ಸುಳ್ಳು ಹೇಳಕ್ಕೆ ಬರಲ್ಲ." ಎರಡು ವರ್ಷ ಸುಳ್ಳು ಬರೆದವರು!

ಧಾರೆ ಸೀರೆಯ ಕೆಳಗಿಟ್ಟೆ, ನನ್ನ ಟ್ರಂಕಿನಲ್ಲಿ. ಮೊದಲು ಒಂದು ಪುಟ ತೆಗೆದು ನೋಡಿದೆ. ಸಾಲುಸಾಲಾಗಿ ಒಂದೇ ಹೆಬ್ಬೆಟ್ಟು, ನಡುವೆ ಅದೇ ಗಾಯದ ಗೆರೆ. ಸಂತೋಷವೋ ಭಯವೋ... ಟ್ರಂಕಿಗೆ ಬೀಗ ಹಾಕಿದೆ.

ಇವತ್ತಿನ ಟಪಾಲಿನಲ್ಲಿ ನನ್ನ ವಿಳಾಸಕ್ಕೂ ಪತ್ರ ಬಂದಿದೆ. ಇನ್ಸ್‌ಪೆಕ್ಟರ್ ಹೆಂಗಸು — ಸಹಿಯ ಮುಂದೆ ಮಿಸ್ ಎಂದಿದೆ. ಮೊದಲು ಕಾರ್ಖಾನೆಗೆ ಹೋಗುವುದಿಲ್ಲವಂತೆ, ಅರ್ಜಿ ಬರೆದವರನ್ನು ನೋಡಬೇಕಂತೆ. ಸ್ಟೇಷನ್ನಿಗೆ ನಾನೇ ಹೋಗುತ್ತೇನೆ, ಹುಲಿಗೆಮ್ಮನನ್ನೂ ಕರೆದುಕೊಂಡು. ನಾಳೆ, ಗುರುವಾರ, ಶಿವಮೊಗ್ಗದಿಂದ ಬರುವ ಬೆಳಗಿನ ತಾಳಗುಪ್ಪ ಗಾಡಿಯಲ್ಲಿ ಬರುತ್ತಾರಂತೆ.