ಎಡಗಿವಿಯ ಕೆಳಗಿನ ಮಚ್ಚೆ

ನಾರ್ಫಕ್ ಸೀಮೆ
ಸಂತ ಮಾರ್ಕನ ಹಬ್ಬದ ಮರುದಿನ, ೧೩೯೧

ಪ್ರೀತಿಯ ಅವೀಸ್,

ಏಸುವಿನ ಕೃಪೆಯಿಂದ ನಾನು ಕ್ಷೇಮ. ಮಠದಲ್ಲಿ ನಿನಗೆ ಮಂಡಿನೋವೆಂದು ಉಣ್ಣೆ ಗಾಡಿಯವನು ಹೇಳಿದ, ಈಗ ಹೇಗಿದೆ? ಬರೆಯಲು ತಡವಾಯಿತೆಂದು ಬೈಯಬೇಡ, ಕೆಸರು ಒಣಗದೆ ಅವನ ಗಾಡಿ ಹೊರಡುವುದಿಲ್ಲ. ಹೊಗೆಯಲ್ಲಿ ಒಣಗಿಸಿದ ಹಾವುಮೀನು ಕಳಿಸಿದ್ದೇನೆ. ಮಠದ ಹಿರಿಯಮ್ಮನಿಗೆ ಬಾಲದ ತುಂಡು ಕೊಡು, ನಡುವಿನದು ನಿನಗೆ.

ದೊಡ್ಡ ಸುದ್ದಿ ಕೇಳು: ನಾವು ಹುಡುಗಿಯರಾಗಿದ್ದಾಗ ನಿನ್ನ ಮೇಲೆ ನಾನು ಕಟ್ಟಿದ ಹಾಡು ಚರ್ಚಿಗೆ ಹೋಯಿತು! ನಮ್ಮ ಹೊಸ ಪಾದ್ರಿ ಗಿಲ್ಬರ್ಟರಿಗೆ ಒಂದು ಚಟ. ಪ್ರೇಮದ ಹಾಡು ಕಿವಿಗೆ ಬಿದ್ದರೆ ಸಾಕು, ನಾಲ್ಕು ಮಾತು ಬದಲಿಸಿ ಮರಿಯಮ್ಮನ ಪಾದಕ್ಕೆ ಹಾಕಿಬಿಡುತ್ತಾರೆ. ಬಿಯರಿಗೆ ಬಾರ್ಲಿ ಕಲಸುತ್ತ ನಾನು ಗುನುಗುತ್ತಿದ್ದದ್ದನ್ನು ಬಾಗಿಲಲ್ಲೇ ನಿಂತು ಕೇಳಿದ್ದಾರೆ.

“ಯಾರು ಕಟ್ಟಿದ್ದಮ್ಮ ಇದನ್ನ?”

“ಯಾರೋ ಹಳಬರು, ಗುರುಗಳೇ.”

ಸುಳ್ಳೇನಲ್ಲ, ನನಗೂ ಐವತ್ತಾಯಿತು.

ಮರಿಯಮ್ಮನ ಹಬ್ಬಕ್ಕೆ ಚರ್ಚಿನಲ್ಲಿ ತಾಲೀಮು ಶುರುವಾಯಿತು. ಕೆಂಚು ಕೂದಲು, ಜೇನಿನ ಮಾತು ಎಲ್ಲ ಅವರಿಗೆ ಒಪ್ಪಿಗೆ. ‘ಎಡಗಿವಿಯ ಕೆಳಗೆ ಸಾಸಿವೆಯಷ್ಟು ಮಚ್ಚೆ’ ಎಂಬಲ್ಲಿ ಮಾತ್ರ ನಿಂತರು.

“ದೇವಮಾತೆಗೆ ಮಚ್ಚೆ ಎಲ್ಲಿಂದ ಬಂತಮ್ಮ? ತೆಗೆದುಬಿಡೋಣ.”

ಉಳಿದದ್ದು ಯಾವ ಹೆಣ್ಣಿಗಾದರೂ ಒಪ್ಪುತ್ತದೆ ಅವೀಸ್. ಆ ಸಾಲು ಹೋದರೆ ಹಾಡಿನಲ್ಲಿ ನೀನೇ ಇರುವುದಿಲ್ಲ.

“ಇಲ್ಲ ಅಂತ ನೀವು ನೋಡಿದೀರಾ ಗುರುಗಳೇ? ಅವಳೂ ಒಬ್ಬ ತಾಯಿ ಹೆತ್ತ ಮಗಳೇ ಅಲ್ವಾ? ಆ ಸಾಲು ಹೋದ್ರೆ ಹಬ್ಬಕ್ಕೆ ನನ್ನ ಬಿಯರೂ ಬರಲ್ಲ!”

ಗೋಡೆಯ ಮೇಲೆ ಮರಿಯಮ್ಮನನ್ನು ಬರೆಯುತ್ತಿದ್ದ ಚಿತ್ರಗಾರ ಏಣಿಯಿಂದಲೇ ನಕ್ಕ. “ಒಂದು ಚುಕ್ಕೆಗೆ ಇಷ್ಟು ಜಗಳವಾ? ಬಿಯರ್ ತಪ್ಪಿಸಬೇಡಿ ಸ್ವಾಮಿ,” ಅಂದವನೇ ಅವಳ ಎಡಗಿವಿಯ ಕೆಳಗೆ ಕುಂಚ ತಾಕಿಸಿಯೇಬಿಟ್ಟ! ಪಾದ್ರಿ ಮೇಲೆ ನೋಡಿದರು, ನನ್ನನ್ನು ನೋಡಿದರು. “ಸರಿ, ಇನ್ನು ಗೋಡೆ ಕೆರೆಯೋಕಾಗುತ್ತಾ? ಹಾಡಿ,” ಅಂದರು.

ಈಗ ಊರೆಲ್ಲ ಅದೇ ಹಾಡು. ಗಿರಣಿಯವನ ಹೆಂಡತಿ ಸಿಸಿಲಿಗೆ ನನ್ನ ಗಂಡನ ಮೇಲೆ ಗುಮಾನಿ. “ನಿನ್ನ ಹಾಬ್ ಕಟ್ಟಿದ್ದಂತೆ, ಹೌದೇನೇ? ಅಷ್ಟು ರಸಿಕನಾ ಅವ್ನು! ಎಲ್ಲಿ, ಮಚ್ಚೆ ತೋರ್ಸೇ!” ಎಂದು ನನ್ನ ತಲೆವಸ್ತ್ರಕ್ಕೇ ಕೈಹಾಕಿದಳು. ಬದುಕಿದ್ದಾಗ ‘ಉಪ್ಪು ಕೊಡು’ ಎನ್ನುವುದಕ್ಕಿಂತ ಹೆಚ್ಚು ಮಾತಾಡದವನು ಸತ್ತ ಮೇಲೆ ಕವಿಯಾದ! ದೇವರು ಅವನನ್ನು ಚೆನ್ನಾಗಿಟ್ಟಿರಲಿ, ಒಳ್ಳೆಯವನೇ.

ಊರೇ ನಿನ್ನ ಮಚ್ಚೆಯ ಮುಂದೆ ಮೊಣಕಾಲೂರುವುದು ಪಾಪವೇನೋ ಎಂದು ಮರಿಯಮ್ಮನನ್ನೇ ಕೇಳಿದೆ. ಅವಳು ಮುನಿದಂತೆ ಕಾಣಲಿಲ್ಲ. ಮಚ್ಚೆ ಅವಳಿಗೆ ಒಪ್ಪುತ್ತದೆ ಕೂಡ.

ಆ ತಾಯಿ ನಿನ್ನ ಮಂಡಿಗೂ ಮನಸ್ಸಿಗೂ ನೆಮ್ಮದಿ ಕೊಡಲಿ. ಹಾವುಮೀನನ್ನು ಎಲ್ಲರಿಗೂ ಹಂಚಿ ಖಾಲಿ ಮಾಡಬೇಡ.

ನಿನ್ನ
ಎಮ್ಮಟ್

ಇನ್ನೊಂದು ಮಾತು: ಮಚ್ಚೆಯ ಸಾಲಿನ ನಂತರದ ಸಾಲನ್ನು ಪಾದ್ರಿಗೆ ಹಾಡಲಿಲ್ಲ. ಅದು ಆ ಮಚ್ಚೆಗೆ ತುಟಿಯಿಟ್ಟವಳ ಮಾತು, ನಿನಗೆ ಗೊತ್ತು. ನೀನು ಮಠ ಸೇರಿದ ದಿನ ಮುಸುಕು ಬಿಗಿದಾಗ ಮೊದಲು ಮರೆಯಾದದ್ದು ಆ ಮಚ್ಚೆಯೇ. ಅಲ್ಲಿಂದಾಚೆ ನೀನು ಒಂದಕ್ಷರ ಬರೆದಿಲ್ಲ. ಅಷ್ಟು ಜಗಳವಾಡಿ ಉಳಿಸಿಕೊಂಡೆನಲ್ಲ, ಈಗ ಗೋಡೆ ನೋಡಿದಾಗಲೆಲ್ಲ ಅನುಮಾನ: ನಿನ್ನದು ನಿಜಕ್ಕೂ ಎಡಗಿವಿಯ ಕೆಳಗೋ, ಬಲಗಿವಿಯ ಕೆಳಗೋ? ಬೇರೇನೂ ಬೇಡ ಅವೀಸ್. ಗಾಡಿಯವನ ಹತ್ತಿರ ಅದೊಂದು ಹೇಳಿ ಕಳಿಸು.