ಮೇಲೆ ಒಂದು, ಕೆಳಗೆ ಎರಡು

೪ ಫೆಬ್ರವರಿ ೨೦೧೯, ಸೋಮವಾರ

ಮತ್ತೆ ಹಿಮ. ಲಾಂಗ್ನಾವ್ ಬಸ್ಸು ಇಪ್ಪತ್ತು ನಿಮಿಷ ತಡ. ಅಣ್ಣ ಕೋಬಿಗೆ ಒಗೆದ ಅಂಗಿಗಳು, ಜಡೆಯಂತೆ ಹೆಣೆದ ಬ್ರೆಡ್ಡು ಒಯ್ದೆ. ವೃದ್ಧಾಶ್ರಮದ ಕಿಟಕಿಯ ಪಕ್ಕ ಅದೇ ಕುರ್ಚಿ, ಮೂಗಿಗೆ ಆಕ್ಸಿಜನ್ ನಳಿಗೆ. ದಿನಾ ಸೂಪನ್ನು ಬೈಯುವವನು ಇವತ್ತು ಬೇರೆ ಮಾತು ತೆಗೆದ.

“ಟ್ರೂಡಿ, ನಮಗೂ ಒಂದು ಮನೆತನದ ಲಾಂಛನ ಬೇಕು. ಈ ಕಿಟಕಿಗೆ. ಬಣ್ಣದ ಗಾಜಿಂದು.”

“ಯಾರಿಗೆ ತೋರಿಸೋಕೆ? ನಿನಗೆ ಹೆಂಡತಿ ಇಲ್ಲ, ನನಗೆ ಮಕ್ಕಳಿಲ್ಲ. ಮನೆತನ ನಮ್ಮ ಜೊತೆಗೇ ಮುಗೀತು.”

“ಅದಕ್ಕೇ ಬೇಕು ಅಂದದ್ದು.”

೧೯೫೨ರಲ್ಲಿ ಊರಿನ ಆಡಳಿತ ಬಡಮಕ್ಕಳೆಂದು ನಮ್ಮನ್ನು ರೈತರ ಮನೆಗಳಿಗೆ ದುಡಿಯಲು ಹಂಚಿತಲ್ಲ — ಅವನಿಗೆ ಏಳು ವರ್ಷ, ನನಗೆ ನಾಲ್ಕು — ಅವನನ್ನು ದುಡಿಸಿಕೊಂಡ ರೈತನ ಕಿಟಕಿಯಲ್ಲಿ ಆ ಮನೆತನದ ಲಾಂಛನ ತೂಗುತ್ತಿತ್ತಂತೆ. ಒಂಬತ್ತು ವರ್ಷ ಅದನ್ನು ಅಂಗಳದಿಂದ, ಎಡಬಲ ಅದಲುಬದಲಾಗಿದ್ದನ್ನೇ ನೋಡಿದೆ ಅಂದ. ಒಳಗಿನಿಂದ ಹೇಗೆ ಕಾಣುತ್ತದೋ ಇವತ್ತಿಗೂ ಗೊತ್ತಿಲ್ಲ.

ಬೇಡ ಅನ್ನಲು ಆಗಲಿಲ್ಲ.

೧೩ ಫೆಬ್ರವರಿ

ಗಾಜಿನ ಚಿತ್ರ ಬರೆಯುವ ಮಾರ್ಗ್ರಿತ್ ಸ್ಟೆಟ್ಲರ್ ಆಶ್ರಮಕ್ಕೇ ಬಂದಳು. ನಲವತ್ತರ ಹೆಣ್ಣು, ಬೆರಳ ತುದಿಯೆಲ್ಲ ಕಪ್ಪು. ದಾಖಲೆಯಲ್ಲಿ ನಮ್ಮ ಹಾಬೆಗರ್ ಮನೆತನದ ಹೆಸರಿನ ಲಾಂಛನ ಒಂದಿದೆಯಂತೆ, ಆದರೆ ಅದು ಬೇರೆ ಕವಲಿನದು. ನಾವು ಹೊಸದನ್ನೇ ಮಾಡಿಕೊಳ್ಳಬಹುದು. ಪುಸ್ತಕ ಬಿಚ್ಚಿದಳು. ಸಿಂಹ ಧೈರ್ಯಕ್ಕೆ, ಗೋಪುರ ಭದ್ರತೆಗೆ, ನೇಗಿಲು ದುಡಿಮೆಗೆ...

“ಹಸು ಕಾದವನಿಗೆ ಸಿಂಹ ಯಾಕಮ್ಮ? ಹಸುಗಳು ನಕ್ಕಾವು,” ಅಂದ ಕೋಬಿ. ನೇಗಿಲೂ ಬೇಡವಂತೆ. “ಅದು ಅವರ ನೇಗಿಲು.”

ಆಮೇಲೆ ಮೆಲ್ಲಗೆ — “ಹೇಜಲ್ ಕಾಯಿ. ಮೂರು.”

ಅಮ್ಮನ ನೆನಪು ನನಗಿರುವುದು ಅದೊಂದೇ. ಬೇಲಿಯ ಹತ್ತಿರ ಕೂತು, ಹೇಜಲ್ ಕಾಯನ್ನು ಹಲ್ಲಲ್ಲಿ ಕಚ್ಚಿ ಒಡೆದು, ತಿರುಳನ್ನು ನನ್ನ ಬಾಯಿಗೆ ಇಡುತ್ತಿದ್ದಳು. ಹದಿಮೂರು ವರ್ಷದ ಕೆಳಗೆ ಕೋಬಿ ಮತ್ತೆ ಸಿಕ್ಕಿದ ದಿನ ನಾನು ಅವನಿಗೆ ಮೊದಲು ಹೇಳಿದ್ದೇ ಇದನ್ನು. ನೆನಪಿಟ್ಟುಕೊಂಡಿದ್ದಾನೆ.

ಕಂದು ಕಾಯಿ ಹಸಿರಿನ ಮೇಲೆ ಬರುವಂತಿಲ್ಲವಂತೆ, ದೂರದಿಂದ ಕಾಣದು. ಹಾಗಾಗಿ ಹಸಿರು ಗುರಾಣಿ, ಚಿನ್ನದ ಕಾಯಿ. ಮೇಲೆ ಎರಡು, ಕೆಳಗೆ ಒಂದು ಬರೆದಳು. ಗುರಾಣಿ ಕೆಳಗೆ ಚೂಪಾಗುವುದರಿಂದ ಪದ್ಧತಿ ಹಾಗೆ.

“ಅಲ್ಲ. ಮೇಲೆ ಒಂದು, ಕೆಳಗೆ ಎರಡು.”

“ನೋಡಿದವರು ತಪ್ಪು ಅಂತಾರೆ, ಹಾಬೆಗರ್ ಅವರೇ.”

“ಅನ್ನಲಿ ಬಿಡಿ,” ಅಂದೆ ನಾನು. ಮೇಲೆ ಅಮ್ಮ, ಕೆಳಗೆ ನಾವಿಬ್ಬರು. ಇಷ್ಟು ತಿಳಿಯದೆ? ಕೋಬಿ ನನ್ನ ಮುಖ ನೋಡಲಿಲ್ಲ. ದಣಿದಿದ್ದ.

ಕೆಳಗಿನ ಪಟ್ಟಿಯಲ್ಲಿ ಹೆಸರು, ಇಸವಿ ಬರೆಯುವ ರೂಢಿಯಂತೆ. ಅಮ್ಮನ ಇಸವಿಯನ್ನು ದಾಖಲೆ ಕಚೇರಿಯಿಂದ ತರಿಸುತ್ತೇನೆ ಎಂದು ಒಪ್ಪಿಕೊಂಡೆ. “ಅದೆಲ್ಲ ಯಾಕೆ?” ಅಂದ ಅಣ್ಣ. ಎರಡು ಸಲ ಅಂದ.

೧ ಮಾರ್ಚ್

ಜನನ ಮರಣ ದಾಖಲೆಯ ನಕಲು ಬಂತು.

ರೊಸಿನಾ ಹಾಬೆಗರ್. ಮರಣ ೧೯ ಏಪ್ರಿಲ್ ೧೯೪೮.

ನಾನು ಹುಟ್ಟಿದ್ದು ಅದೇ ಏಪ್ರಿಲ್ ಎಂಟಕ್ಕೆ.

ಮೂರು ಸಲ ಓದಿದೆ. ಕನ್ನಡಕ ಒರೆಸಿ ಮತ್ತೊಮ್ಮೆ.

೨ ಮಾರ್ಚ್

ಕಾಗದವನ್ನು ಅವನ ತೊಡೆಯ ಮೇಲೆ ಇಟ್ಟೆ.

“ಅಮ್ಮ ಸತ್ತಾಗ ನಾನು ಹನ್ನೊಂದು ದಿನದ ಕೂಸು. ಕಾಯಿ ಒಡೆದು ಕೊಟ್ಟದ್ದು ಯಾರು?”

ಅವನು ಕಾಗದವನ್ನು ನಾಲ್ಕಾಗಿ ಮಡಚಿದ.

“ಅನ್ನೆಲಿ.”

“ಯಾರು ಅನ್ನೆಲಿ?”

“ನಮ್ಮಕ್ಕ. ನಿನಗಿಂತ ಏಳು ವರ್ಷ ದೊಡ್ಡವಳು. ನಿನ್ನನ್ನ ಸಾಕಿದ್ದೇ ಅವಳು. ಹಂಚಿದ ದಿನ ನಿನ್ನನ್ನ ಬಿಡಲೇ ಇಲ್ಲ. ಪಾದ್ರಿ ಒಂದೊಂದೇ ಬೆರಳು ಬಿಡಿಸಬೇಕಾಯ್ತು.”

“ಈಗ ಎಲ್ಲಿದ್ದಾಳೆ?”

“ಎರಡನೇ ಚಳಿಗಾಲಕ್ಕೇ ಹೋದಳು. ಬೆಂಕಿಯಿಲ್ಲದ ಅಟ್ಟದಲ್ಲಿ ಮಲಗಿಸ್ತಿದ್ದರು. ಎದೆಗೆ ಶೀತ ಇಳೀತು. ಡಾಕ್ಟರು ಬಂದಾಗ ಹೊತ್ತು ಮೀರಿತ್ತು.” ಉಸಿರು ತೆಗೆದುಕೊಂಡ. “ಇಪ್ಪತ್ತೈದು ವರ್ಷ ಆದ ಮೇಲೆ, ಎಲ್ಲರದ್ದೂ ಮಾಡುವ ಹಾಗೆ, ಆ ಸಮಾಧಿ ತೆಗೆದು ಬೇರೆಯವರಿಗೆ ಕೊಟ್ಟರು. ಹೆಸರು ಎಲ್ಲೂ ಇಲ್ಲ.”

“ಹದಿಮೂರು ವರ್ಷ ನನ್ನೆದುರು ಕೂತು ಕಾಫಿ ಕುಡಿದೆಯಲ್ಲ ನೀನು. ಒಂದು ದಿನ ಹೇಳೋಕೆ ಆಗಲಿಲ್ವ?”

“ಸಿಕ್ಕಿದ ದಿನ ಕೂತವಳೇ ಅಮ್ಮನ ವಿಷಯ ಹೇಳಿದೆ. ನಿನ್ನ ಹತ್ತಿರ ಇದ್ದದ್ದು ಅದೊಂದೇ. ಹೇಗೆ ಕಿತ್ಕೊಳ್ಳಲಿ?”

“ಅದಕ್ಕೆ ನೀನು ಅವಳನ್ನ ಗಾಜಿನ ಮೇಲೆ ಕೂರಿಸೋಣ ಅಂದ್ಕೊಂಡೆ, ಅಲ್ವಾ? ನಾನು ಅಮ್ಮ ಅಂತ ನೋಡೋದು, ನೀನು ಅಕ್ಕ ಅಂತ ನೋಡೋದು,” ಅಂದೆ.

“ಇಬ್ಬರೂ ಅವಳನ್ನೇ ನೋಡ್ತಿದ್ವಲ್ಲ, ಟ್ರೂಡಿ.”

ಎದ್ದು ಬಂದೆ. ಕೊಳೆ ಅಂಗಿಗಳನ್ನು ತರಲಿಲ್ಲ.

೯ ಮಾರ್ಚ್

ಹೋಗಲಿಲ್ಲ.

ಅಮ್ಮನೂ ಹೋದಳು. ಈ ಅಕ್ಕ ಸಿಕ್ಕ ಗಳಿಗೆಯಲ್ಲೇ ಸತ್ತಿದ್ದಾಳೆ. ಯಾರಿಗೆಂದು ಅಳಬೇಕೋ ತಿಳಿಯದೆ ಆಲೂಗಡ್ಡೆ ಸುಲಿಯುತ್ತಾ ನಿಂತೆ. ಒಬ್ಬಳಿಗೆ ಬೇಡದಷ್ಟು ಸುಲಿದಿದ್ದೆ.

೨೭ ಮಾರ್ಚ್

ನರ್ಸ್ ಫೋನ್ ಮಾಡಿದಳು. “ನಿಮ್ಮಣ್ಣ ನಿಮ್ಮನ್ನ ಕೇಳೋದಿಲ್ಲ. ಊಟ ಮುಟ್ಟೋದಿಲ್ಲ. ಬಾಗಿಲು ನೋಡ್ತಾ ಕೂತಿರ್ತಾರೆ.”

ಹೋದೆ. ಕೊರಳಪಟ್ಟಿ ಎರಡು ಬೆರಳು ಸಡಿಲವಾಗಿದೆ. ಕ್ಷಮೆ ಅವನೂ ಕೇಳಲಿಲ್ಲ, ನಾನೂ ಕೇಳಲಿಲ್ಲ. ಸೂಪು ಕುಡಿಸಿದೆ. ಅರ್ಧ ಬಟ್ಟಲು.

ಗಾಜಿನ ಕೆಳಪಟ್ಟಿಯ ಹೆಸರುಗಳನ್ನು ಸ್ಟೆಟ್ಲರಳಿಗೆ ಅಲ್ಲಿಂದಲೇ ಫೋನಿನಲ್ಲಿ ಹೇಳಿದೆ. ಅನ್ನೆಲಿ, ಆಮೇಲೆ ಕೋಬಿಯ ಮತ್ತು ನನ್ನ ಪೂರ್ತಿ ಹೆಸರು — ಯಾಕೋಬ್, ಗೆರ್ಟ್ರೂಡ್. “ಅಮ್ಮನ ಹೆಸರು?” ಅಂದಳು. “ಬೇಡ. ಮೇಲಿನದು ನಮ್ಮಕ್ಕ.” ಆ ಮಾತು ನನ್ನ ಬಾಯಲ್ಲಿ ಬಂದದ್ದು ಜನ್ಮಕ್ಕೆ ಮೊದಲ ಸಲ.

ಫೋನ್ ಇಟ್ಟ ಮೇಲೆ ಕೋಬಿ ನನ್ನ ತೋಳು ಹಿಡಿದ.

“ಹೇಗಿದ್ದಳು?”

“ಯಾರು?”

“ಅನ್ನೆಲಿ. ಮುಖ ಹೇಗಿತ್ತು?”

“ನನ್ನನ್ನ ಕೇಳ್ತೀಯಾ? ನಾಲ್ಕು ವರ್ಷದವಳು ನಾನು. ನೀನು ದೊಡ್ಡವನು.”

“ನನ್ನನ್ನ ಅವಳ ಮಣ್ಣಿಗೆ ಕರ್ಕೊಂಡು ಹೋಗಿದ್ದರು. ಪೆಟ್ಟಿಗೆ ತೆರೆದೇ ಇತ್ತು. ಆಮೇಲಿಂದ ಅದೊಂದೇ ಮುಖ ಬರೋದು. ಹಿಂದಿನದೆಲ್ಲ ಅಳಿಸಿಹೋಯ್ತು.” ನಿಂತು ನಿಂತು ಹೇಳಿದ. “ಅವಳು ಬದುಕಿದ್ದಾಗಿನ ಮುಖ ನಿನ್ನ ಹತ್ತಿರ ಇದೆ. ಅಮ್ಮ ಅಂತ ಇಟ್ಕೊಂಡಿದ್ದೆಯಲ್ಲ, ಅದೇ.”

ಶುಕ್ರವಾರ ಬರೆದು ತಂದು ಓದುತ್ತೇನೆ ಅಂದೆ. ಅಲ್ಲಿಯವರೆಗೆ ಊಟ ಮಾಡಬೇಕು ಎಂದೂ ಹೇಳಿದೆ. ಹೂಂ ಅಂದ.

೨೮ ಮಾರ್ಚ್, ಬೆಳಿಗ್ಗೆ ೭

ಬರೆಯುತ್ತೇನೆ. ಸುಳ್ಳು ಸೇರಿಸಬಾರದು.

ಕೂದಲು ತಿಳಿಕಂದು, ಕಿವಿಯ ಹಿಂದೆ ಸಿಕ್ಕಿಸಿದ್ದಳು. ಚಳಿಗೆ ಕೆನ್ನೆ ಒಡೆದಿತ್ತು. ಸಣ್ಣ ಗಲ್ಲ. ಹೌದು, ಮಗುವಿನ ಗಲ್ಲ — ಇಷ್ಟು ವರ್ಷ ಹೇಗೆ ತಿಳಿಯಲಿಲ್ಲ ನನಗೆ... ಕಾಯಿ ಗಟ್ಟಿಯಿದ್ದರೆ ಒಂದು ಕಣ್ಣು ಮುಚ್ಚಿ ಕಚ್ಚುತ್ತಿದ್ದಳು. ಒಡೆದ ಮೇಲೆ ನನ್ನ ಕಡೆ ಬಗ್ಗುತ್ತಿದ್ದಳು, ಆಗ ಅವಳ ಮುಖದ ತುಂಬ ನಗು ಇರುತ್ತಿತ್ತು, ಕೋಬಿ.